ಕಿವುಡು ನಾಯಿಗಾಗಿ ಜಾಂಟಿ ಕುಣಿದದ್ದು

ನನ್ನ ಪಬ್ಬಿನ ಕೊಟ್ಟಿಗೆಯಲ್ಲಿ ಇಲಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜಾಂಟಿ ರೆಲ್ಫನ ಕಥೆ ಹೇಳುವವರೆಲ್ಲ ಕೊನೆಗೆ ಆ ಇಲಿಗಳನ್ನು ನನ್ನ ತಲೆಗೇ ಕಟ್ಟುತ್ತಾರೆ. ಅವು ಪಕ್ಕದ ಬರ್ಕೆಟ್ಟನ ಇಲಿಗಳು. ವರ್ಷಕ್ಕೊಮ್ಮೆ ನಡೆಯುವ ಕುರಿಗಾರರ ಕೂಟದ ದಿನ ನಾನು ಬೇಯಿಸಿದ ಕುರಿಮಾಂಸದ ವಾಸನೆಗೆ ಬಂದವು. ನೆಂಟರನ್ನು ಮನೆಯವರ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ?

ಜಾಂಟಿ ನಮ್ಮ ಕಣಿವೆಯ ಇಲಿ ಹಿಡಿಯುವವನು. ಅವನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ಆಳು ಆರಡಿಗೂ ಮಿಕ್ಕಿ ಎತ್ತರ, ಪಾದ ಎಷ್ಟು ದೊಡ್ಡದೆಂದರೆ ಬೂಟು ಮಾಡುವವನು ಅವನನ್ನು ದೂರದಲ್ಲಿ ಕಂಡರೇ ಬಾಗಿಲು ಮುಚ್ಚುತ್ತಿದ್ದ. ನಮ್ಮಲ್ಲಿ ಎಲ್ಲರೂ ತೊಡುವುದು ಮರದ ಅಟ್ಟೆಯ ಬೂಟು, ಅಡಿಗೆ ಲಾಳದ ಹಾಗೆ ಕಬ್ಬಿಣ ಹೊಡೆದಿರುತ್ತದೆ. ಜಾಂಟಿಯ ಒಂದು ಜೊತೆಗೆ ಬೇಕಾದ ಮರದಲ್ಲಿ ನನ್ನ ಪಬ್ಬಿಗೆ ಒಂದು ಬೆಂಚು ಆಗುತ್ತಿತ್ತು. ಮಾತು ಕಡಿಮೆ. ಒಂದು ಲೋಟ ಬಿಯರ್ ಮುಂದಿಟ್ಟುಕೊಂಡು ಕೂತರೆ ಆ ಲೋಟ ಬೇಕಾದರೆ ಮಾತಾಡೀತು, ಜಾಂಟಿ ಆಡುತ್ತಿರಲಿಲ್ಲ.

ಅಂಥವನನ್ನು ಡೈನಾ ಯಾಕೆ ಮದುವೆಯಾದಳೋ ದೇವರಿಗೇ ಗೊತ್ತು. ಡೈನಾ ಎಂದರೆ ಹುಡುಗಿಯಾಗಿದ್ದಾಗ ಮರದ ಬೂಟಿನ ಕುಣಿತದಲ್ಲಿ ಸುತ್ತಲ ಕಣಿವೆಗಳ ಬಹುಮಾನವನ್ನೆಲ್ಲ ಬಾಚಿಕೊಂಡವಳು. ಅವರ ಮದುವೆ ನಡೆದದ್ದು ನನ್ನ ಕೊಟ್ಟಿಗೆಯಲ್ಲೇ. ಪಿಟೀಲು ಶುರುವಾಯಿತು, ಅವಳು ಕೈ ಚಾಚಿದಳು. ಅವನು ಗೇಟಿನ ಕಂಬದ ಹಾಗೆ ನಿಂತ. "ಕಾಲು ನೋಯ್ತದೆ" ಎಂದ. ಅಲ್ಲಿಂದ ಮುಂದೆ ಪ್ರತಿ ವರ್ಷ ಕೂಟದಲ್ಲಿ ಅವಳು "ಬರ್ತೀಯಾ ಜಾಂಟಿ?" ಎನ್ನುವುದು, ಅವನು "ಕಾಲು ನೋಯ್ತದೆ" ಎನ್ನುವುದು ವಾಡಿಕೆಯಾಗಿಹೋಯಿತು. ಆ ಕಾಲಿನಲ್ಲಿ ಅವನು ದಿನವಿಡೀ ಗುಡ್ಡ ಹತ್ತಿ ಇಳಿಯುತ್ತಿದ್ದ, ಆಗ ನೋಯುತ್ತಿರಲಿಲ್ಲ. ಕೊನೆಕೊನೆಗೆ ಡೈನಾ ತಾನೂ ಕುಣಿಯುವುದನ್ನು ಬಿಟ್ಟಳು. ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ.

ಅವನ ಹಳೆಯ ಟೆರಿಯರ್ ನಾಯಿ ನಿಪ್ ಸತ್ತ ವರ್ಷ ಜಾಂಟಿ ಹೊಸ ಮರಿಗಾಗಿ ಐಸಾಕ್ ಮೌನ್ಸಿಯ ಮನೆಗೆ ಹೋದ. ಐಸಾಕ್ ಟೆರಿಯರ್ ಸಾಕುವವನು, ನಾಯಿಗಳ ವಿಷಯದಲ್ಲಿ ಅವನು ಹೇಳಿದ್ದೇ ಕಣಿವೆಗೆಲ್ಲ ಕೊನೆಯ ಮಾತು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಗುಡ್ಡದ ಈಚೆ ನಿಂತು ಕೂಗಿದರೆ ಆಚೆಯ ಕಣಿವೆಯ ನಾಯಿಗಳು ಕೂತುಬಿಡುತ್ತವೆ ಎಂದು ಜಂಬ ಕೊಚ್ಚುತ್ತಿದ್ದ. ಜಾಂಟಿ ಹೋದ ಹೊತ್ತಿಗೆ ಅವನು ಮರಿಗಳನ್ನು ಪರೀಕ್ಷಿಸುತ್ತಿದ್ದ. ಒಂದು ತಗಡಿನ ಬಕೆಟ್ಟನ್ನು ಕಲ್ಲಿನ ಮೇಲೆ ಎತ್ತಿಹಾಕಿದ. ಮರಿಗಳೆಲ್ಲ ಎದ್ದುಬಿದ್ದು ಓಡಿದವು. ಒಂದೇ ಒಂದು ಬಿಳಿ ಹೆಣ್ಣುಮರಿ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯುತ್ತಲೇ ಇತ್ತು.

"ಕಿವುಡು" ಎಂದ ಐಸಾಕ್. "ನಾಳೆ ಹಳ್ಳಕ್ಕೆ ಹಾಕ್ತೀನಿ."

ಜಾಂಟಿ ಬಗ್ಗಿ ಅದನ್ನೆತ್ತಿ ಕೋಟಿನ ಜೇಬಿಗೆ ಇಳಿಸಿದ. ಅದು ಜೇಬಿನಲ್ಲೂ ನಿದ್ದೆ ಮುಂದುವರಿಸಿತು.

"ತಲೆ ಕೆಟ್ಟಿದೆಯಾ ನಿಂಗೆ? ಕರೆದ್ರೆ ಬರದ ಟೆರಿಯರ್ ನಾಯಿ ಅಲ್ಲ ಮಾರಾಯ, ದಿಂಬು! ಬಿಲದೊಳಗೆ ಹೋದ್ರೆ ಹೋಯ್ತು, ನೀನು ಹೊರಗೆ ಕೂತು ಬೈಬಲ್ ಓದ್ಕೊಂಡಿರಬೇಕು. ನನ್ನ ಮನೆಯಿಂದ ಕಿವುಡು ನಾಯಿ ಹೋಯ್ತು ಅಂದ್ರೆ ನನ್ನ ಹೆಸರೇನಾಗಬೇಕು?"

"ಕೆಲಸ ಕಲಿಸ್ತೀನಿ" ಎಂದ ಜಾಂಟಿ.

ಐಸಾಕ್ ಹೊಟ್ಟೆ ಕುಣಿಸಿಕೊಂಡು ನಕ್ಕ. "ಸರಿ ಹಾಗಾದ್ರೆ. ಮುಂದಿನ ಕೂಟದ ದಿನ ಎಲ್ಲರ ಮುಂದೆ ತೋರಿಸು. ಒಳಗೆ ಹೋಗು ಅಂದ್ರೆ ಹೋಗಬೇಕು, ಬಾ ಅಂದ್ರೆ ಬರಬೇಕು, ಅದೂ ನನ್ನ ಕಣ್ಣೆದುರಿಗೆ. ಅಷ್ಟಾದ್ರೆ ನಾಯಿ ನಿಂದು. ಇಲ್ಲಾಂದ್ರೆ ನಂಗೆ ವಾಪಸ್ ಕೊಡ್ತೀಯ. ಆಮೇಲೆ ನಾನೇನು ಮಾಡಿದೆ ಅಂತ ಕೇಳಬಾರದು."

ಇಬ್ಬರೂ ಕೈಕುಲುಕಿದರು. ನಮ್ಮ ಕಡೆ ಕೈಕುಲುಕಿದ ಮೇಲೆ ಮಾತು ತಪ್ಪಿದವನಿಗೆ ನನ್ನ ಪಬ್ಬಿನಲ್ಲಿ ಬಿಯರ್ ಸಿಗುವುದಿಲ್ಲ. ಜಾಂಟಿಗೆ ಅದು ಚೆನ್ನಾಗಿ ಗೊತ್ತಿತ್ತು.

ಡೈನಾ ಮರಿಗೆ ಬೆಲ್ ಎಂದು ಹೆಸರಿಟ್ಟಳು. ಗಂಟೆ ಎಂದು ಹೆಸರಿಟ್ಟರೆ ಗಂಟೆಯ ಸದ್ದು ಕೇಳದ ನಾಯಿಗೇನೂ ಬೇಜಾರಾಗುವುದಿಲ್ಲವಲ್ಲ ಎಂದಳು. ಬಯಲಲ್ಲಿ ಬೆಲ್ ಬಹಳ ಚುರುಕು. ಜಾಂಟಿಯ ಕೈಯನ್ನೇ ನೋಡುತ್ತ ಹೇಳಿದಂತೆ ಕೇಳುತ್ತಿತ್ತು. ಇಲಿ ಹಿಡಿಯುವುದರಲ್ಲಿ ನಿಪ್‌ಗೆ ಸಮ. ತೊಂದರೆಯೆಲ್ಲ ಕತ್ತಲಲ್ಲಿ. ಒಮ್ಮೆ ಬರ್ಕೆಟ್ಟನ ಕೋಳಿಗೂಡಿನ ನೆಲದಡಿಗೆ ನುಗ್ಗಿದ್ದು ಹೊರಗೆ ಬರಲೇ ಇಲ್ಲ. ಜಾಂಟಿ ಕೋಳಿ ಹಿಕ್ಕೆಯಲ್ಲಿ ಮುಖವಿಟ್ಟು ಮಲಗಿ, ಬಿಲದೊಳಗೆ ಕೈ ತೂರಿಸಿ ಬೀಸಿದ. ಒಳಗಿದ್ದ ಒಂದು ಕಾವುಕೋಳಿ ಆ ಕೈಯನ್ನು ಕುಕ್ಕಿತು. ಜಾಂಟಿಗೆ ಜೀವಮಾನದಲ್ಲಿ ಮೊದಲ ಸಲ ರೇಗಿ, ಎದ್ದುನಿಂತು ಆ ದೊಡ್ಡ ಬೂಟಿನಿಂದ ಹಲಗೆಯನ್ನು ದಡದಡ ಒದ್ದ.

ಬೆಲ್ ಟಣ್ಣನೆ ಹೊರಗೆ ಜಿಗಿದು ಅವನ ಮುಖ ನೋಡುತ್ತ ಬಾಲ ಆಡಿಸಿತು.

ಕಿವಿಗೆ ಕೇಳದ್ದು ಅದರ ಪಾದಕ್ಕೆ ಕೇಳಿತ್ತು. ಜಾಂಟಿ ಮನೆಗೆ ಓಡಿ ಹೆಂಡತಿಗೆ ವಿಷಯ ಹೇಳಿದ. ಅವನು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಕೇಳಿಯೇ ಡೈನಾ ಕೈಯಲ್ಲಿದ್ದ ಹಿಟ್ಟನ್ನು ಕೆಳಗೆ ಬಿಟ್ಟಳಂತೆ. ಆದರೆ ಸುಮ್ಮನೆ ಒದ್ದರೆ ಆದೀತೇ? ಒಳಗೆ ಹೋಗು ಎನ್ನುವುದಕ್ಕೂ ಒದೆತ, ಹೊರಗೆ ಬಾ ಎನ್ನುವುದಕ್ಕೂ ಒದೆತ ಎಂದರೆ ನಾಯಿಗೆ ಗಲಿಬಿಲಿ.

"ಹೆಜ್ಜೆ ಬೇಕು" ಎಂದಳು ಡೈನಾ. "ಹಿಮ್ಮಡಿ-ಬೆರಳು, ಹಿಮ್ಮಡಿ-ಬೆರಳು ಅಂತ ಸಣ್ಣಗೆ ಉಜ್ಜಿದ್ರೆ ಒಳಗೆ. ಜೋಡಿ ಏಟು ಹಾಕಿ ಎಗರಿದ್ರೆ ಹೊರಗೆ. ನಿಲ್ಲು ಹೀಗೆ. ಸೊಂಟ ಸಡಿಲ ಬಿಡು. ಜಾಂಟಿ, ಅದು ಸೊಂಟ, ಮರದ ಬೀರು ಅಲ್ಲ!"

ಮದುವೆಯ ದಿನ ಕುಣಿಯದ ಮನುಷ್ಯ ಅಡುಗೆಮನೆಯ ಕಲ್ಲುನೆಲದ ಮೇಲೆ ನಾಯಿಗಾಗಿ ಕುಣಿಯಲು ಕಲಿತ. ಗೋಡೆಯ ತಟ್ಟೆಗಳು ಉದುರಿದವು. ಬೆಲ್ ಮಾತ್ರ ಒಂದೇ ವಾರದಲ್ಲಿ ಎರಡೂ ಹೆಜ್ಜೆ ಕಲಿತುಕೊಂಡಿತು. ಜಾಂಟಿಗೆ ಬೇಸಿಗೆಯೆಲ್ಲ ಬೇಕಾಯಿತು. ಯಾರಾದರೂ ನೋಡಿಬಿಟ್ಟಾರೆಂದು ಅವನು ಕುರಿದೊಡ್ಡಿಯ ಗೋಡೆಯ ಹಿಂದೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಎತ್ತರದ ಆಳು, ಗೋಡೆಯ ಮೇಲೆ ತಲೆಯೊಂದೇ ಎದ್ದು ಬೀಳುವುದು ಕಾಣುತ್ತಿತ್ತು. ಅಂಚೆಯವನು ನನ್ನ ಪಬ್ಬಿಗೆ ಬಂದು, "ಹೆಸ್ಟರ್, ಜಾಂಟಿಗೆ ಏನೋ ಹತ್ಕೊಂಡಿದೆ. ಜೇನು ಕಚ್ಚಿದೆಯೋ, ಧರ್ಮ ಬದಲಾಯಿಸಿದಾನೋ ಗೊತ್ತಿಲ್ಲ" ಎಂದ.

ಕೂಟದ ದಿನ ಬಂತು. ಬೆಳಿಗ್ಗೆ ಗುಡ್ಡದ ಮೇಲೆ ತಪ್ಪಿಸಿಕೊಂಡು ಬೇರೆಯವರ ಮಂದೆ ಸೇರಿದ ಕುರಿಗಳನ್ನೆಲ್ಲ ಗುರುತು ನೋಡಿ ಯಜಮಾನರಿಗೆ ಒಪ್ಪಿಸಿದರು. ಮಧ್ಯಾಹ್ನ ಕುರಿಮಾಂಸ, ಆಲೂಗಡ್ಡೆ, ಹುಳಿಗೆ ಹಾಕಿದ ಕೆಂಪು ಕೋಸು. ಊಟವಾದ ಮೇಲೆ ಕೊಟ್ಟಿಗೆಯಲ್ಲಿ ಬೂಟಿನ ಕುಣಿತ, ಅದಾದ ಮೇಲೆ ಬೆಲ್‌ನ ಪರೀಕ್ಷೆ ಎಂದು ನಿಗದಿಯಾಯಿತು. ಜಾಂಟಿ ಮಾಂಸ ಮುಟ್ಟಲಿಲ್ಲ. ತಟ್ಟೆಯನ್ನು ಹಾಗೇ ನಾಯಿಯ ಮುಂದಿಟ್ಟ. ಆ ಮನುಷ್ಯ ಜಗತ್ತಿನಲ್ಲಿ ಏನನ್ನಾದರೂ ಬೇಕು ಎಂದು ಕೇಳಿದ್ದಿದ್ದರೆ ಅದು ಈ ನಾಯಿಯನ್ನು ಮಾತ್ರ.

ನಮ್ಮ ಕುಣಿತದ ತೀರ್ಪುಗಾರ ಕುಣಿಯುವವರನ್ನು ನೋಡುವಂತಿಲ್ಲ. ನೋಡಿದರೆ ಅವನಿಗೆ ನೆಂಟಸ್ತನ ನೆನಪಾಗುತ್ತದೆ. ಅದಕ್ಕೆ ಅವನನ್ನು ಕುಣಿಯುವ ಹಲಗೆ ವೇದಿಕೆಯ ಕೆಳಗೆ ಕೂರಿಸುತ್ತೇವೆ. ಹೆಜ್ಜೆಯ ಸದ್ದು ಕೇಳಿಯೇ ಯಾರು ಗೆದ್ದರು ಎಂದು ಹೇಳಬೇಕು. ಆ ವರ್ಷ ತೀರ್ಪುಗಾರ ಐಸಾಕ್, ಏಕೆಂದರೆ ಕಣಿವೆಯಲ್ಲೇ ಅವನಷ್ಟು ಸೂಕ್ಷ್ಮ ಕಿವಿ ಯಾರಿಗೂ ಇಲ್ಲ ಎಂದು ಅವನೇ ಹೇಳಿದ್ದ. ಒಳ್ಳೆಯ ಸೂಟು ತೊಟ್ಟು, ಬದಿಯ ಪುಟ್ಟ ಬಾಗಿಲಲ್ಲಿ ಹೊಟ್ಟೆ ತೂರಿಸಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಬೆಲ್ ವೇದಿಕೆಯ ಕಾಲಿಗೆ ಗಲ್ಲ ಒರಗಿಸಿ ಮಲಗಿತ್ತು.

ಮೊದಲಿಗೆ ಪಕ್ಕದ ಕಣಿವೆಯ ಟಿನ್ನಿಸ್ವುಡ್, ಮೂರು ವರ್ಷದಿಂದ ಗೆಲ್ಲುತ್ತಿದ್ದವನು, ಮೇಲೆ ಹತ್ತಿದ. ಪಿಟೀಲು ಎತ್ತಿಕೊಂಡಿತು. ಅವನು ಶುರುಮಾಡಿದ್ದೇ ಹಿಮ್ಮಡಿ-ಬೆರಳು, ಹಿಮ್ಮಡಿ-ಬೆರಳು.

ಬೆಲ್‌ಗೆ ಅಪ್ಪಣೆ ಸಿಕ್ಕಿತು. ಹಲಗೆಯ ಸಂದಿನಲ್ಲಿ ಬಿಳಿ ಬಾಲ ಮಾಯವಾಯಿತು.

ವೇದಿಕೆಯ ಕೆಳಗೆ ಏನೋ ಉರುಳಿದ ಸದ್ದು. ಆಮೇಲೆ ಬರ್ಕೆಟ್ಟನ ಇಲಿಗಳ ಕೀಚಲು. ಆಮೇಲೆ ಐಸಾಕನ ಕೀಚಲು. ಜನ ತನ್ನ ಕುಣಿತವನ್ನೇ ಮೆಚ್ಚಿ ಕೂಗುತ್ತಿದ್ದಾರೆಂದು ಟಿನ್ನಿಸ್ವುಡ್ ಇನ್ನೂ ಜೋರಾಗಿ ಉಜ್ಜಿದ. ಬೆಲ್ ಇನ್ನೂ ಜೋರಾಗಿ ಕೆಲಸ ಮಾಡಿತು.

"ಇಲಿ! ಪ್ಯಾಂಟೊಳಗೆ ಇಲಿ!" ಕೆಳಗಿನಿಂದ ಕೂಗು ಬಂತು. ಇಲಿ ಹಿಡಿಯಲು ಹೋಗುವವರು ಪ್ಯಾಂಟಿನ ಕಾಲನ್ನು ಹುರಿಯಿಂದ ಕಟ್ಟಿಕೊಳ್ಳುತ್ತಾರೆ. ತೀರ್ಪು ಕೊಡಲು ಹೋಗುವವರು ಕಟ್ಟಿಕೊಳ್ಳುವುದಿಲ್ಲ. "ನಾಯಿ ಹಿಡ್ಕೊಂಡಿದೆ! ಪ್ಯಾಂಟು ಹಿಡ್ಕೊಂಡಿದೆ! ಬಿಡು! ಬಿಡೇ! ಕೂತ್ಕೋ!"

ಆ ಗಂಟಲಿಗೆ ಕೊಟ್ಟಿಗೆಯಲ್ಲಿದ್ದ ನಾಯಿಗಳೆಲ್ಲ ಒಮ್ಮೆಲೇ ಕೂತವು. ನನ್ನ ಗಂಡನೂ ಕೂತ. ಕೂರದೆ ಇದ್ದದ್ದು ಒಂದೇ.

ಬಾಗಿಲು ತಳ್ಳಿ ನೋಡಿದರು. ಅದು ಒಳಕ್ಕೆ ತೆರೆಯುವ ಬಾಗಿಲು, ಐಸಾಕ್ ಅದಕ್ಕೇ ಬೆನ್ನು ಕೊಟ್ಟು ಬಿದ್ದಿದ್ದ.

"ಎಲ್ಲಿ ಹಿಡ್ಕೊಂಡಿದೆ ಐಸಾಕ್?" ಬರ್ಕೆಟ್ ಸಂದಿಗೆ ಬಾಯಿಟ್ಟು ಕೇಳಿದ.

"ಮೊಣಕಾಲಿನ ಮೇಲೆ! ಇಲಿ ಇನ್ನೂ ಹತ್ತುತ್ತಾ ಇದೆ! ಜಾಂಟಿ! ನಿನ್ನ ನಾಯೀನ ಕರಿಯೋ!"

ಎಲ್ಲರೂ ಜಾಂಟಿಯ ಕಡೆ ತಿರುಗಿದರು. ಅವನ ಮುಖ ಸುಣ್ಣವಾಗಿತ್ತು. ಕರೆಯುವುದಕ್ಕೆ ಇದ್ದದ್ದು ಒಂದೇ ದಾರಿ, ಅದು ಆ ವೇದಿಕೆಯ ಮೇಲೆ, ಇಡೀ ಕಣಿವೆಯ ಮುಂದೆ. ಅವನು ಹತ್ತಿದ. ಟಿನ್ನಿಸ್ವುಡ್ಡನನ್ನು ಕುರಿಮರಿಯ ಹಾಗೆ ಎತ್ತಿ ಪಕ್ಕಕ್ಕಿಟ್ಟ. ಕಣ್ಣು ಮುಚ್ಚಿಕೊಂಡು ಕಾಲೆತ್ತಿದ. ಹೆದರಿಕೆಯಲ್ಲಿ ಬಂದದ್ದು ಹಿಮ್ಮಡಿ-ಬೆರಳು.

ಕೆಳಗೆ ಐಸಾಕ್ ಕೂಗಿದ ಕೂಗನ್ನು ಬರೆಯುವುದಕ್ಕೆ ಅಕ್ಷರವಿಲ್ಲ.

"ತಪ್ಪು! ತಪ್ಪು! ಜೋಡಿ ಏಟು!" ಡೈನಾ ಲಂಗ ಎತ್ತಿ ಹಿಡಿದು ವೇದಿಕೆಗೆ ಹಾರಿದಳು. ಅವನ ಕೈ ಹಿಡಿದಳು. "ನನ್ನ ಮುಖ ನೋಡು. ಸೊಂಟ ಬಿಡು. ಈಗ!"

ಇಬ್ಬರೂ ಒಟ್ಟಿಗೆ ಜೋಡಿ ಏಟು ಹಾಕಿ ಎಗರಿದರು. ನನ್ನ ಕೊಟ್ಟಿಗೆಯ ಸೂರಿನಿಂದ ಅಜ್ಜನ ಕಾಲದ ಧೂಳು ಸುರಿಯಿತು. ಪಿಟೀಲಿನವನು ಏನು ಮಾಡಬೇಕೆಂದು ತಿಳಿಯದೆ ಅವರ ಹೆಜ್ಜೆಗೆ ತಕ್ಕಂತೆ ಬಾರಿಸಿದ. ಸಂದಿನಿಂದ ಬೆಲ್ ಹೊರಗೆ ಬಂತು. ಬಾಯಲ್ಲಿ ಇಲಿ, ಇಲಿಯ ಸುತ್ತ ಐಸಾಕನ ಸೂಟಿನ ಒಂದು ಒಳ್ಳೆಯ ತುಂಡು. ನೇರ ವೇದಿಕೆಗೆ ಹತ್ತಿ ಜಾಂಟಿಯ ಬೂಟಿನ ಮೇಲೆ ಇಟ್ಟಿತು. ಆದರೆ ಆ ಇಬ್ಬರೂ ನಿಲ್ಲಿಸಲಿಲ್ಲ. ನಾಯಿ ಬಂದದ್ದು ಅವರಿಗೆ ಕಾಣಿಸಲೇ ಇಲ್ಲವೇನೋ. ಜಾಂಟಿ ಕಣ್ಣು ತೆರೆದು ಹೆಂಡತಿಯ ಮುಖವನ್ನೇ ನೋಡುತ್ತ ಗೊತ್ತಿದ್ದ ಎರಡೂ ಹೆಜ್ಜೆಗಳನ್ನು ತಿರುಗಿಸಿ ತಿರುಗಿಸಿ ಕುಣಿಯುತ್ತಿದ್ದ. ಬಡಪಾಯಿ ಬೆಲ್ ಒಳಗೆ ಹೋಗುವುದು, ಹೊರಗೆ ಬರುವುದು, ಒಳಗೆ, ಹೊರಗೆ. ಪ್ರತಿ ಸಲವೂ ಬರ್ಕೆಟ್ಟನ ಒಂದು ಇಲಿ ತಂದು ಸಾಲಾಗಿ ಮಲಗಿಸುತ್ತಿತ್ತು.

ಕೊನೆಗೆ ಪಿಟೀಲಿನವನ ಕೈ ಸೋತಿತು. ವೇದಿಕೆಯ ಕೆಳಗಿನಿಂದ ಐಸಾಕನ ದನಿ ಬಂತು, ಸಣ್ಣದಾಗಿತ್ತು.

"ತೀರ್ಪು ಹೇಳ್ತೀನಿ. ಬಹುಮಾನ ಆ ಜೋಡಿ ಏಟು ಹಾಕಿದವರಿಗೆ. ಯಾರು ಅಂತ ನಂಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಹೆಜ್ಜೆ ಕೇಳಿಲ್ಲ." ಮತ್ತೆ ಹೇಳಿದ, "ನಾಯಿ ಜಾಂಟಿದು. ಹೋಗು ಅಂದ್ರೆ ಹೋಗ್ತದೆ, ಬಾ ಅಂದ್ರೆ ಬರ್ತದೆ. ನನ್ನ ಕಣ್ಣೆದುರಿಗೇ ಆಯ್ತು. ಈಗ ಯಾರಾದ್ರೂ ನಂಗೊಂದು ಪ್ಯಾಂಟು ಕೊಡ್ರಪ್ಪ."

ಜಾಂಟಿ ವೇದಿಕೆಯ ಮೇಲೆಯೇ ಕುಸಿದು ಕೂತು ನಾಯಿಯನ್ನು ತಬ್ಬಿಕೊಂಡ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ, ಇಲಿಗಳನ್ನು ಸಾಲಾಗಿ ನೋಡಿದ್ದಕ್ಕೂ ಇರಬಹುದು.

ಬರ್ಕೆಟ್ ಡೈನಾಳ ಬೆನ್ನು ತಟ್ಟಿ, "ಅಬ್ಬಾ, ಕಿವುಡು ನಾಯಿಗೆ ಕರೆದದ್ದು ತಿಳಿಯೋ ಹಾಗೆ ಮಾಡಿದ್ಯಲ್ಲಮ್ಮ" ಎಂದ.

"ಅದಕ್ಕೆ ಒಂದು ವಾರ ಸಾಕಾಯ್ತು" ಎಂದಳು ಡೈನಾ, ಏದುಸಿರು ಬಿಡುತ್ತ, ಗಂಡನ ಬೆವತ ತಲೆಯ ಮೇಲೆ ಕೈಯಿಟ್ಟು. "ಇವನನ್ನ ಮದುವೆ ದಿನದಿಂದ ಕರೀತಾ ಇದ್ದೆ."