ಹಂಡೆಯೊಲೆಯ ಬಾಣಂತಿ

ಬೆಕ್ಕು ಮರಿ ಹಾಕಿದ ಮೇಲೆ ಅವನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತನ್ನು ನಾನು ಯಾವತ್ತೂ ಒಪ್ಪಿದವಳಲ್ಲ. ಏಳೇ ಏಕೆ? ಆರಾದರೆ ಏನು ಕಡಿಮೆಯಾಯಿತು? ಎಣಿಸಿದವರು ಯಾರು? ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ತಂಡದ ಬಾಯಿ ಮುಚ್ಚಿಸಿ ಷೀಲ್ಡು ತರುವುದೇ ಪುರುಷಾರ್ಥವೆಂದುಕೊಂಡಿದ್ದೆ. ಮನೆಯಲ್ಲಿ ಎದುರು ತಂಡವೆಂದರೆ ಅಜ್ಜಿ, ಅಪ್ಪನ ತಾಯಿ. ಅವಳು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರಲಿಲ್ಲ. "ನೋಡ್ತಿರು," ಅಂದುಬಿಡುತ್ತಿದ್ದಳು. 'ನೋಡ್ತಿರು' ಎಂಬುದಕ್ಕೆ ಯಾವ ತೀರ್ಪುಗಾರನೂ ಅಂಕ ಕೊಡುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ತೀರ್ಪುಗಾರಳೂ ಅವಳೇ ಆಗಿದ್ದಳು.

ನಮ್ಮ ಮನೆಯಿದ್ದದ್ದು ಗಂಗಾನಗರದಲ್ಲಿ. ಮುಂದೆ ಹೊಸ ಬಡಾವಣೆಯ ಅರ್ಧ ಕಟ್ಟಿದ ಮನೆಗಳು, ಹಿಂದೆ ಹಳೆಯ ಊರಿನ ಹೆಂಚಿನ ಸಾಲು. ಹಿತ್ತಿಲ ಗೋಡೆಗೆ ಅಂಟಿಕೊಂಡೇ ಹಾಲಿನಮ್ಮನ ಕೊಟ್ಟಿಗೆ. ಹಾಲಿನಮ್ಮ ಎಂದು ಕರೆಯುತ್ತಿದ್ದವರು ನಾವು ಬಡಾವಣೆಯ ಮಕ್ಕಳು. ಅವಳ ಹಸುಗಳ ಹಾಲನ್ನು ಅಜ್ಜಿ ಹಿಂಬಾಗಿಲಲ್ಲಿ, ಅವಳ ಪಾತ್ರೆ ನಮ್ಮ ಪಾತ್ರೆಗೆ ತಾಕದಂತೆ, ಎತ್ತರದಿಂದ ಸುರಿಸಿಕೊಳ್ಳುತ್ತಿದ್ದಳು. ಆ ಮನೆಯ ಹಾಲು ನಮಗೆ ಆಗುತ್ತಿತ್ತು, ನೀರು ಮಾತ್ರ ಆಗುತ್ತಿರಲಿಲ್ಲ. ಇದು ಅಜ್ಜಿಯ ಮಡಿಯ ಕಾನೂನು.

"ಅಜ್ಜಿ, ಹಾಲಲ್ಲಿ ಇರೋದೇ ಹೆಚ್ಚುಪಾಲು ನೀರು," ಎಂದು ನಾನು ವಾದ ಹೂಡುತ್ತಿದ್ದೆ. "ಅದು ಹಸು ಬೆರೆಸಿದ್ದು. ಮೇಲೆ ಹಾಲಿನಮ್ಮ ಬೆರೆಸೋದು ಬೇರೆ. ಅಂದ್ಮೇಲೆ ದಿನಾ ನೀನು ಆ ಮನೆ ನೀರು ಕುಡೀತಿದ್ದೀಯ."

"ಏನಮ್ಮಣ್ಣಿ, ನನ್ ಆಲಿಗೆ ನೀರು ಅಂತೀಯಾ?" ಎಂದು ಗೋಡೆಯಾಚೆಯಿಂದ ಹಾಲಿನಮ್ಮನ ದನಿ ಬರುತ್ತಿತ್ತು. "ನಾಳಿಂದ ನಿಂಗೆ ಬರೀ ನೀರೇ ಉಯ್ತೀನಿ, ಆವಾಗ ಗೊತ್ತಾಯ್ತದೆ!"

ಅಜ್ಜಿ ಹಾಲು ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು.

ನಮ್ಮ ಬೂದು ಬೆಕ್ಕು ಆ ವರ್ಷ ಎರಡನೆಯ ಸಲ ಮರಿ ಹಾಕಿತು. ಮೊದಲ ಸಲದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಎರಡನ್ನು ಬೀದಿಯ ಗಡವ ಗಂಡುಬೆಕ್ಕೊಂದು ಕೊಂದುಹಾಕಿತ್ತು. ಉಳಿದೊಂದನ್ನು ತಾಯಿ ಬಾಯಲ್ಲಿ ಕಚ್ಚಿಕೊಂಡು ಬಳ್ಳಾರಿ ರಸ್ತೆ ದಾಟಲು ಹೋಗಿತ್ತು. ತಾಯಿ ಒಂದೇ ತಿರುಗಿ ಬಂತು. ಆಮೇಲೆ ಎಷ್ಟೋ ದಿನ ಅದು ಮನೆಯ ಮೂಲೆ ಮೂಲೆಯಲ್ಲೂ ನಿಂತು ಕೂಗಿದ್ದು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಈ ಸಲ ಮೂರು ಮರಿ. ಮೂರನ್ನೂ ಉಳಿಸಲೇಬೇಕೆಂದು ನಾನು ಪಣ ತೊಟ್ಟೆ.

ನನ್ನ ಸಿದ್ಧಾಂತ ಸರಳವಾಗಿತ್ತು. ಹೊಟ್ಟೆ ತುಂಬಿದ, ಭಯವಿಲ್ಲದ ಬೆಕ್ಕು ಮನೆ ಬದಲಾಯಿಸುವುದಿಲ್ಲ. ಬದಲಾಯಿಸದಿದ್ದರೆ ರಸ್ತೆಗೆ ಹೋಗುವುದಿಲ್ಲ. ಉಗ್ರಾಣದಲ್ಲಿ ಸೇಬು ತುಂಬಿ ಬರುವ ಮರದ ಪೆಟ್ಟಿಗೆಯಿಟ್ಟು ಅಪ್ಪನ ಹಳೆಯ ಪಂಚೆ ಹಾಸಿದೆ. ಕಿಟಕಿಯ ಒಡೆದ ಗಾಜಿಗೆ ರಟ್ಟು ಬಡಿದೆ. ಹಿತ್ತಿಲ ತೊಟ್ಟಿಗೆ ತಗಡು ಮುಚ್ಚಿದೆ. ಬೆಳಿಗ್ಗೆ ಹಾಲನ್ನ, ಮಧ್ಯಾಹ್ನ ಮೊಸರನ್ನ, ಪಕ್ಕದಲ್ಲಿ ಬಟ್ಟಲ ತುಂಬ ನೀರು.

ಮೊಸರನ್ನ ನೋಡಿ ಅಜ್ಜಿ ತಡೆದಳು. "ಬಾಣಂತಿಗೆ ಮೊಸರು ಹಾಕ್ತೀಯೇನೇ? ಥಂಡಿ ಆಗುತ್ತೆ."

"ಬೆಕ್ಕಿಗೆ ಎಂಥ ಬಾಣಂತಿತನ ಅಜ್ಜಿ?"

"ಯಾಕೆ, ಅದು ಹೆತ್ತಿಲ್ವಾ? ನೀನು ಹೆತ್ತಿದ್ದೀಯಾ ಹೇಳೋಕೆ?"

ಅವತ್ತಿನಿಂದ ಬೆಕ್ಕಿಗೆ ಬಿಸಿ ಅನ್ನ, ತುಪ್ಪ, ಕಾಸಿದ ಹಾಲು ಶುರುವಾಯಿತು. ಹೆಸರಿಲ್ಲದ ಬೆಕ್ಕು ಅಜ್ಜಿಯ ಬಾಯಲ್ಲಿ 'ಬಾಣಂತಿ'ಯಾಯಿತು. "ಬಾಣಂತಿ ಊಟ ಮಾಡಿದಳಾ?" ಎಂದು ಅವಳು ಕೇಳಿದಾಗ ಮನೆಗೆ ಬಂದ ನೆಂಟರು, ಯಾರು ಹೆತ್ತರೆಂದು ಅಮ್ಮನ ಮುಖ ನೋಡುತ್ತಿದ್ದರು.

ಆದರೆ ಬಾಣಂತಿಗೆ ನನ್ನ ಸಿದ್ಧಾಂತ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಪೆಟ್ಟಿಗೆ ಖಾಲಿ. ಹುಡುಕಿದರೆ ಮರಿಗಳು ಅಕ್ಕಿ ಡಬ್ಬದ ಹಿಂದೆ ಇದ್ದವು. ಕೆಲವು ದಿನ ಬಿಟ್ಟು ಅಪ್ಪನ ಮಂಚದ ಕೆಳಗಿನ ಟ್ರಂಕುಗಳ ಸಂದಿ. ಆಮೇಲೆ ಅಟ್ಟ. ಪ್ರತಿ ಸಲವೂ ಅಜ್ಜಿ ಒಂದು ಬೆರಳು ಮಡಚಿ ನನ್ನ ಮುಖದ ಮುಂದೆ ಹಿಡಿಯುತ್ತಿದ್ದಳು.

"ನಾಲ್ಕು."

"ನಾಲ್ಕು ಜಾಗ ಅಜ್ಜಿ. ಮನೆ ಒಂದೇ. ಏಳು ಮನೆ ಅಂದ್ರೆ ಏಳು ಬೇರೆ ಬೇರೆ ಮನೆ ಇರ್ಬೇಕು."

"ಅದು ಮರಿ ಮಲಗಿಸಿದ್ದೇ ಅದರ ಮನೆ. ಕಂದಾಯ ಕಟ್ಟಿದ ರಸೀದಿ ತೋರಿಸ್ಬೇಕಾ ನಿಂಗೆ?"

"ಇಬ್ರೂ ಸ್ವಲ್ಪ ಸುಮ್ನಿರಿ," ಎಂದು ಅಪ್ಪ ಪೇಪರಿನ ಹಿಂದಿನಿಂದ ಗೊಣಗಿದ. "ಪಾಪ, ನಿಮ್ಮ ಗಲಾಟೆಗೇ ಅದು ಮನೆ ಬದಲಾಯಿಸ್ತಿರೋದು."

ಅಟ್ಟಕ್ಕೆ ಗಡವ ಬೆಕ್ಕು ಹೆಂಚಿನ ಸಂದಿಯಿಂದ ಇಳಿಯಿತು. ಬಾಣಂತಿ ಅದನ್ನು ಓಡಿಸಿತಾದರೂ ತನ್ನ ಕಿವಿ ಹರಿಸಿಕೊಂಡಿತ್ತು. ನಾನು ಏಣಿ ಹತ್ತಿ ಸಂದಿಗೆ ಇಟ್ಟಿಗೆ ಚೂರು ತುರುಕಿದೆ. ಕಿವಿಗೆ ಅಜ್ಜಿ ಅರಿಸಿನ ಹಚ್ಚಿದಳು. ಮೂರು ಮರಿಗಳೂ ಆಗಷ್ಟೆ ಕಣ್ಣು ಬಿಟ್ಟು, ನಡೆಯಲು ಹೋಗಿ ಮಗ್ಗುಲಿಗೆ ಉರುಳುತ್ತಿದ್ದವು. ಅಷ್ಟರಲ್ಲಿ ದೀಪಾವಳಿ ಬಂತು.

ನೀರು ತುಂಬುವ ಹಬ್ಬದ ದಿನ ಬಚ್ಚಲುಮನೆ ನಮ್ಮಲ್ಲಿ ದೇವರಮನೆಗಿಂತ ಚೆಂದ. ಅಜ್ಜಿ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಕೆಂಪಗೆ ಮಾಡಿದಳು. ಒಲೆಯ ಬೂದಿ ತೆಗೆದು ಸಾರಿಸಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಳು. ಹಂಡೆಯ ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ, ಬೆಳಗಿನ ಎಣ್ಣೆಸ್ನಾನಕ್ಕೆಂದು ಒಲೆಯೊಳಗೆ ತೆಂಗಿನ ಗರಿ, ಚಿಪ್ಪು, ಸೌದೆ ಜೋಡಿಸಿಟ್ಟಳು. ಕಡ್ಡಿ ಗೀರುವುದೊಂದೇ ಬಾಕಿ.

ಸಂಜೆಗೆ ಬೀದಿಯಲ್ಲಿ ಸರಪಟಾಕಿ ಶುರುವಾಯಿತು. ಆನೆ ಪಟಾಕಿಯೊಂದು ನಮ್ಮ ಗೇಟಿನ ಹತ್ತಿರವೇ ಸಿಡಿಯಿತು. ನಾನು ಓಡಿ ಅಟ್ಟ ಹತ್ತಿ ನೋಡಿದರೆ ಬಾಣಂತಿಯೂ ಇಲ್ಲ, ಮರಿಗಳೂ ಇಲ್ಲ. ಟಾರ್ಚು ಹಿಡಿದು ಉಗ್ರಾಣ, ಮಂಚದಡಿ, ಅಕ್ಕಿ ಡಬ್ಬದ ಹಿಂದೆ, ಹಿತ್ತಿಲ ನುಗ್ಗೆಮರದ ಬುಡ, ಎಲ್ಲ ಹುಡುಕಿದೆ. ಬಳ್ಳಾರಿ ರಸ್ತೆಯ ಲಾರಿಗಳ ಸದ್ದು ಅವತ್ತು ಮನೆಯೊಳಗೇ ಬಂದಂತಿತ್ತು. ಅಮ್ಮ, "ಎಲ್ಲೂ ಹೋಗಿರಲ್ಲ, ಬಾ ಊಟಕ್ಕೆ," ಅಂದಳು. ಅಜ್ಜಿ ಬೆರಳು ಮಡಚದೆ ಕೂತದ್ದು ನನಗೆ ಇನ್ನೂ ಹೆದರಿಕೆ ತಂದಿತು.

ಬೆಳಕು ಹರಿಯುವ ಮುಂಚೆಯೇ ಅಮ್ಮ ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತಿ ಆರತಿ ಎತ್ತಿದಳು. ಅಜ್ಜಿ ಬೆಂಕಿಪೊಟ್ಟಣ ಹಿಡಿದು ಬಚ್ಚಲುಮನೆಗೆ ಹೋದಳು. ಒಲೆ ಹಚ್ಚುವ ಮುಂಚೆ ಅವಳದೊಂದು ಪದ್ಧತಿ ಇತ್ತು. ಸೌದೆ ಕೆದಕುವ ಕಬ್ಬಿಣದ ಸಲಾಕೆಯಿಂದ ಒಲೆಬಾಯಿಗೆ ಎರಡೇಟು ತಟ್ಟಿ, "ಒಳಗೆ ಯಾರಿದ್ದೀರಿ, ಎದ್ದು ಬನ್ನಿ," ಎಂದು ಕೈಯಾಡಿಸುವುದು. ಬಿಸಿ ಬೂದಿಯ ಆಸೆಗೆ ಬೆಕ್ಕುಗಳು ಒಲೆಯಲ್ಲಿ ಮಲಗುತ್ತವೆಂದು ಅವಳ ಅತ್ತೆ ಕಲಿಸಿದ್ದಳಂತೆ. "ಯಾರಿದ್ದಾರೆ ಅಂತ ಕೇಳಿದ್ರೆ ಬೆಕ್ಕು ಹೆಸರು ಹೇಳುತ್ತಾ?" ಎಂದು ನಾನು ರೇಗಿಸುತ್ತಿದ್ದೆ.

ಅವತ್ತು ಒಲೆಯೊಳಗಿಂದ 'ಹಿಸ್ಸ್' ಎಂದು ಉತ್ತರ ಬಂತು.

ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮುಂಗೈ ಮೇಲೆ ಸಣ್ಣ ಗೀರು. ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು, "ಇವತ್ತು ಒಲೆ ಹಚ್ಚೋ ಹಾಗಿಲ್ಲ."

ಟಾರ್ಚು ಹಾಕಿ ನೋಡಿದೆ. ತೆಂಗಿನ ಗರಿಗಳ ಹಿಂದೆ, ಸಾರಿಸಿದ ನೆಲದ ಮೇಲೆ ಬಾಣಂತಿ ಸುರುಳಿಯಾಗಿ ಮಲಗಿತ್ತು. ಅದರ ಹೊಟ್ಟೆಯ ಹತ್ತಿರ ಮೂರು ಬಾಲ. ಒಂದು, ಎರಡು, ಮೂರು. ನಾನು ಮತ್ತೆ ಎಣಿಸಿದೆ. ಕೂಡಲೇ ವಾದಕ್ಕೆ ನಿಂತೆ.

"ಎರಡು ನಿಮಿಷ ಅಜ್ಜಿ. ನಾನೇ ಬುಟ್ಟಿಗೆ ಎತ್ತಿಡ್ತೀನಿ. ಆಮೇಲೆ ಹಚ್ಚು."

"ಹೊರಗೆ ಆ ಸದ್ದು ಕೇಳ್ತಿದ್ಯಾ? ಹೆದರಿ ಬಂದು ಸೇರ್ಕೊಂಡಿದಾಳೆ. ನೀನು ಎತ್ತಿಟ್ಟ ಬುಟ್ಟೀಲಿ ಕೂತಾಳಾ? ಕಚ್ಕೊಂಡು ರಸ್ತೆ ಕಡೆ ಓಡಿದ್ರೆ?"

"ಓಡ್ತಾಳೆ ಅನ್ನೋದಕ್ಕೆ ಏನು ಆಧಾರ?"

"ಹೋದ ಸಲದ್ದೇ ಆಧಾರ."

ಇದು ಒಳ್ಳೆಯ ಪುರಾವೆ.

"ಸ್ಟೌ ಮೇಲೆ ಕಾಯಿಸೋಣ," ಅಂದ ಅಪ್ಪ. ಅವನ ಕಿವಿಯ ಹಿಂದಿನಿಂದ ಎಣ್ಣೆ ಇಳಿದು ಕುತ್ತಿಗೆಗೆ ಬರುತ್ತಿತ್ತು.

"ಸೀಮೆಎಣ್ಣೆ ತಳ ಕಂಡಿದೆ," ಎಂದಳು ಅಮ್ಮ. "ಈಗ ನೀರು ಕಾಯಿಸಿದ್ರೆ ಒಬ್ಬಟ್ಟಿಲ್ಲ, ಊಟಾನೂ ಇಲ್ಲ."

ತಣ್ಣೀರು ಎರೆದುಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ಸೂರ್ಯ ಹುಟ್ಟುವುದರೊಳಗೆ ಬಿಸಿನೀರಿನ ಅಭ್ಯಂಜನ ಆಗದಿದ್ದರೆ ಅಜ್ಜಿಯ ಪಾಲಿಗೆ ಹಬ್ಬವೇ ಆಗಲಿಲ್ಲ. ನನಗೆ ಗೊತ್ತಿದ್ದಂತೆ ಅವಳು ಜ್ವರ ಬಂದಾಗಲೂ ಅದನ್ನು ಬಿಟ್ಟವಳಲ್ಲ. ಅವಳು ಒಂದು ಗಳಿಗೆ ಒಲೆಬಾಯಿ ನೋಡಿದಳು, ಒಂದು ಗಳಿಗೆ ಕಿಟಕಿಯಾಚೆ ಬಿಳಿಚುತ್ತಿದ್ದ ಆಕಾಶ ನೋಡಿದಳು. ಆಮೇಲೆ ಎರಡು ಬಿಂದಿಗೆ ತೆಗೆದುಕೊಂಡು ಒಂದನ್ನು ನನ್ನ ಕೈಗೆ ತುರುಕಿದಳು. "ಬಾ," ಅಂದಳು.

ಹಿಂಬಾಗಿಲು ದಾಟಿ, ಗೋಡೆ ಸುತ್ತಿ, ಹಾಲಿನಮ್ಮನ ಅಂಗಳಕ್ಕೆ ಹೋದೆವು. ಅಜ್ಜಿ ಆ ಅಂಗಳಕ್ಕೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಲಿನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ದೊಡ್ಡ ಹಂಡೆಗೆ ಉರಿ ಹಾಕುತ್ತ ಕೂತಿದ್ದಳು. ನಮ್ಮನ್ನು ನೋಡಿ ಗಾಬರಿಯಿಂದ ಎದ್ದಳು.

"ಯಾಕ್ರಮ್ಮೋರೇ, ಒತ್ತಾರೆನೇ ಬಂದ್ರಿ? ಯಾರ್ಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣಮ್ಮ. ಎರಡು ಬಿಂದಿಗೆ ಬಿಸಿನೀರು ಬೇಕಿತ್ತು."

ಹಾಲಿನಮ್ಮ ಬಿಂದಿಗೆಗಳನ್ನು ನೋಡಿದಳು, ಅಜ್ಜಿಯ ಎಣ್ಣೆ ಸುರಿಯುವ ತಲೆ ನೋಡಿದಳು. "ನೀರಾ? ನಿಮ್ಗಾ?"

"ನಮಗೇ. ನಮ್ಮನೆ ಒಲೇಲಿ ಬಾಣಂತಿ ಮಲಗಿದಾಳೆ."

"ಯಾವ ಬಾಣ್ತಿ?"

"ಬೆಕ್ಕು."

ಹಾಲಿನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದಳು, "ಅಲ್ರಮ್ಮೋರೇ, ನಮ್ ಅಂಡೆ ನೀರು ನಿಮ್ಗಾಯ್ತದಾ?"

ಅಜ್ಜಿ ನನ್ನ ಕಡೆ ತಿರುಗಲಿಲ್ಲ. "ಇಷ್ಟು ವರ್ಷ ನಿನ್ನ ಹಾಲು ಕುಡಿದಿಲ್ವಾ? ಹಾಲಲ್ಲಿ ಇರೋದೇ ಹೆಚ್ಚುಪಾಲು ನೀರು."

ನನ್ನ ವಾಕ್ಯ! ಒಂದಕ್ಷರ ಬಿಡದೆ! ನಾನು ಬಿಂದಿಗೆ ಹಿಡಿದು ಬಾಯಿ ತೆರೆದು ನಿಂತಿದ್ದೆ.

ಹಾಲಿನಮ್ಮ ತಂಬಿಗೆಯಿಂದ ತೋಡಿ ತೋಡಿ ಎರಡು ಬಿಂದಿಗೆಯನ್ನೂ ಕಂಠಮಟ್ಟ ತುಂಬಿದಳು. "ತಗಳ್ರಮ್ಮೋರೇ. ಇವತ್ತು ಅಸಲಿ ನೀರು. ಒಂದ್ ತೊಟ್ಟು ಆಲು ಬೆರೆಸಿಲ್ಲ," ಎಂದು ನನ್ನ ಕಡೆ ಕಣ್ಣು ಹೊಡೆದಳು.

ವಾಪಸು ಬರುವಾಗ ದಾರಿಯಲ್ಲೇ ಅಜ್ಜಿಯನ್ನು ಹಿಡಿದೆ. "ಅಜ್ಜಿ, ಅದು ನನ್ನ ವಾದ."

"ಯಾವುದು?"

"ಹಾಲು, ನೀರು. ನಾನು ಹೇಳಿದಾಗ ಯಾಕೆ ಒಪ್ಪಲಿಲ್ಲ?"

"ನೀನು ಹೇಳಿದಾಗ ಒಲೇಲಿ ಬೆಕ್ಕು ಮಲಗಿರಲಿಲ್ಲ. ಮೆಲ್ಲಗೆ ನಡಿ, ನೀರು ಚೆಲ್ತಿದೆ."

ಅಪ್ಪ, ಅಮ್ಮ, ನಾನು, ಅಜ್ಜಿ, ಎಲ್ಲರಿಗೂ ಅವತ್ತು ಆ ನೀರಿನಲ್ಲೇ ಅಭ್ಯಂಜನ. ಸಾಲದ್ದಕ್ಕೆ ಇನ್ನೊಂದು ಸಲ ಹೋಗಿ ತಂದೆವು. ಹಾಗಲಬಳ್ಳಿ ತೊಟ್ಟ ನಮ್ಮ ಹಂಡೆ ತಣ್ಣೀರು ತುಂಬಿಕೊಂಡು ಹಬ್ಬ ಮುಗಿಯುವವರೆಗೂ ಸುಮ್ಮನೆ ಕೂತಿತ್ತು. ಅದರ ಕೆಳಗೆ ಬಾಣಂತಿ ಮಲಗಿತ್ತು. ಅಜ್ಜಿ ಬಾಳೆಲೆಯ ತುಂಡಿನಲ್ಲಿ ತುಪ್ಪದನ್ನ ಕಲಸಿ ಒಲೆಬಾಯಿಗೆ ಸರಿಸುತ್ತಿದ್ದಳು. ಹೊರಗೆ ಪಟಾಕಿ ಸಿಡಿದಾಗಲೆಲ್ಲ ಬಚ್ಚಲ ಬಾಗಿಲು ಮುಂದೆ ಮಾಡಿ, "ಏನಿಲ್ಲ, ಏನಿಲ್ಲ," ಎನ್ನುತ್ತಿದ್ದಳು. ಬೆಕ್ಕಿಗೆ ಕನ್ನಡ ಬರುತ್ತದೆಯೇ ಎಂದು ನಾನು ಕೇಳಲಿಲ್ಲ.

ಪಟಾಕಿಯ ಸದ್ದು ಅಡಗಿದ ಮೇಲೆ ಒಂದು ಮಧ್ಯಾಹ್ನ ಬಾಣಂತಿ ತಾನಾಗಿ ಎದ್ದು, ಒಂದೊಂದೇ ಮರಿಯನ್ನು ಕಚ್ಚಿಕೊಂಡು ಗೋಡೆ ಹಾರಿತು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ. ಅದು ರಸ್ತೆಯ ಕಡೆ ಹೋಗಲಿಲ್ಲ. ಹಾಲಿನಮ್ಮನ ಕೊಟ್ಟಿಗೆಯ ಹುಲ್ಲಿನ ಅಟ್ಟಕ್ಕೆ ಹತ್ತಿತು. ಗಡವ ಬೆಕ್ಕಿಗೆ ಅಲ್ಲಿಗೆ ದಾರಿಯಿಲ್ಲ. ಕೆಳಗೆ ಅವಳ ನಾಯಿ ಕಾವಲು.

"ಏಳು," ಅಂದಳು ಅಜ್ಜಿ.

"ಆರು! ಹೇಗೆ ಎಣಿಸಿದ್ರೂ ಆರು!"

"ಲೆಕ್ಕದಲ್ಲಿ ನೀನು ಮೊದಲಿಂದಾನೂ ಹಿಂದೆ," ಎಂದು ಅನ್ನದ ಬಟ್ಟಲು ಹಿಡಿದು ಗೋಡೆ ಸುತ್ತಿ ಹೊರಟಳು. ಅವಳಿಗೆ ಈಗ ಆ ದಾರಿ ರೂಢಿಯಾಗಿತ್ತು.

ಕೆಲವು ದಿನ ಬಿಟ್ಟು ನಾನೂ ಅವಳ ಜೊತೆ ಹೋದಾಗ ಮರಿಗಳು ಕೊಟ್ಟಿಗೆಯ ಹುಲ್ಲಿನಲ್ಲಿ ಒಂದರ ಮೇಲೊಂದು ಬಿದ್ದು ಕುಸ್ತಿಯಾಡುತ್ತಿದ್ದವು. ಬಾಣಂತಿ ಅಷ್ಟರಲ್ಲೇ ಮೈ ತುಂಬಿಕೊಂಡು, ಕೂದಲು ಮಿರಮಿರನೆ ಮಿಂಚುವ ಹಾಗಾಗಿತ್ತು. ಅಜ್ಜಿ ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಇಲ್ಲಿ ಇದಕ್ಕೆ ಏನು ಹಾಕ್ತೀಯಮ್ಮ? ಮೀನು ಗೀನು?"

"ಎಲ್ಲಾದ್ರೂ ಉಂಟಾ ಅಮ್ಮೋರೇ! ಬರೀ ಆಲು ಅನ್ನ," ಅಂದಳು ಹಾಲಿನಮ್ಮ. ಅವಳ ಕಾಲ ಬುಡದಲ್ಲೇ, ಹುಲ್ಲಿನ ಮೇಲೆ, ಹೆಬ್ಬಾಳ ಕೆರೆಯ ಮೀನಿನ ಇಡೀ ಮುಳ್ಳೊಂದು ಬೆಳ್ಳಗೆ ಬಿದ್ದಿತ್ತು. ಬಾಣಂತಿ ಅದರ ಪಕ್ಕದಲ್ಲಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು.

ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕಾಲನ್ನು ತುಳಿದಳು.

"ಹಾಲನ್ನವೇ ಒಳ್ಳೇದು," ಅಂದಳು. "ಇದಕ್ಕೆ ಚೆನ್ನಾಗಿ ಹಿಡಿಸಿದೆ. ಹಾಗೇ ಹಾಕ್ತಿರಮ್ಮ, ತಪ್ಪಿಸ್ಬೇಡ."

ಮನೆಗೆ ಬಂದ ಮೇಲೆ ಕೇಳಿಯೇ ಕೇಳಿದೆ. "ಅಜ್ಜಿ, ಮುಳ್ಳು ನೋಡಿದೆ ತಾನೇ?"

"ಯಾವ ಮುಳ್ಳೇ?" ಎಂದಳು ಅಜ್ಜಿ, ಮೊರದ ತುಂಬ ಅಕ್ಕಿ ಹರಡಿಕೊಂಡು, ಕನ್ನಡಕವಿಲ್ಲದೆ ಕಲ್ಲು ಆರಿಸುತ್ತ. "ನನಗೆ ಈಗ ಕಣ್ಣು ಅಷ್ಟು ಸರಿಯಾಗಿ ಕಾಣಲ್ಲ ಕಣೇ."