ಹೊರಸುತ್ತಿನ ನಟ್ಟುಗಳು

ಸೇನೆಯವರು ಇನ್ನು ಬೇಡವೆಂದು ಹರಾಜಿಗೆ ಹಾಕಿದ ಹಳೇ ಲಾರಿಗಳನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಆ ಬೀದಿಯಲ್ಲಿ ಮಾಡುತ್ತಿದ್ದವಳು ಒಬ್ಬಳೇ ಹೆಂಗಸು. ಎಲ್ಲರೂ ಅವಳನ್ನು ಗೇರಕ್ಕ ಎನ್ನುತ್ತಿದ್ದರು. ತಮಾಷೆಗೆ ಇಟ್ಟ ಹೆಸರದು. ಅವಳು ಅದನ್ನೇ ತಗಡಿನ ಮೇಲೆ ಬರೆಸಿ ಶೆಡ್ಡಿನ ಮೇಲೆ ತೂಗುಹಾಕಿದಳು. ಅಪ್ಪ ಮೊದಲ ಲಾರಿಯನ್ನು ಎಳೆಸಿಕೊಂಡು ತಂದಾಗ ಅವಳಿಗೆ ಇನ್ನೂ ಹಾಲುಹಲ್ಲು. ಆ ಲಾರಿಯ ಸೀಟಿನ ಮೇಲೆ ಮಲಗಿ, ಬಾನೆಟ್ಟಿನ ಮೇಲೆ ಲೆಕ್ಕ ಬಿಡಿಸಿ ಬೆಳೆದಳು. ಅಪ್ಪನ ಕಣ್ಣು ಮಂಜಾದಾಗ ಸ್ಪ್ಯಾನರು ತಾನಾಗಿಯೇ ಅವಳ ಕೈಗೆ ಬಂತು.

ಇಂಥ ಲಾರಿಗಳಿಗೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಸತ್ತ ಮೂರು ಲಾರಿ ಬಿಚ್ಚಿದರೆ ಒಂದಕ್ಕೆ ಜೀವ ಬರುತ್ತದೆ. ಒಂದರ ಗೇರ್‌ಬಾಕ್ಸು, ಇನ್ನೊಂದರ ಆಕ್ಸಲ್ಲು, ಮತ್ತೊಂದರ ಬಾಗಿಲು. ಹಿಂದಿನ ಟಾರ್ಪಾಲು ಮಾತ್ರ ಹೊಸತು, ಅದನ್ನು ಅವಳ ಗಂಡ ಹೊಲಿಯುತ್ತಿದ್ದ. ಅವನು ದರ್ಜಿ. "ಮದುವೆಗೆ ಮುಂಚೆ ಅಂಗಿ ಹೊಲೀತಿದ್ದೆ, ಈಗ ಆನೆಗೆ ಅಂಗಿ ಹೊಲೀತೀನಿ" ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ.

ಗೇರಕ್ಕನ ತಮ್ಮ ಆ ವರ್ಷ ಶೆಡ್ಡಿಗೆ ಬಂದು ಸೇರಿದ. ನಲವತ್ತು ದಾಟಿದ್ದ ಆಳು, ಬೇರೆಯವರ ಲಾರಿ ಓಡಿಸಿ ಓಡಿಸಿ ಬೇಸತ್ತವನು. ಲಾರಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅಕ್ಕ ಏನಾದರೂ ಹೇಳಿಕೊಡಲು ಹೊರಟರೆ ಮುಖ ಊದಿಸಿಕೊಳ್ಳುತ್ತಿದ್ದ.

"ಚಕ್ರದ ವಿಷಯ ಮಾತ್ರ ಕೇಳಿಸ್ಕೋ" ಎಂದಿದ್ದಳು ಅವಳು. "ಇದರಲ್ಲಿ ಎರಡು ಸುತ್ತು ನಟ್ ಇವೆ. ಒಳಸುತ್ತು ಬಿಚ್ಚಿದ್ರೆ ಚಕ್ರ ಲಾರಿಯಿಂದ ಕಳಚುತ್ತೆ. ಹೊರಸುತ್ತು ಬಿಚ್ಚಿದ್ರೆ ರಿಮ್ಮೇ ಎರಡು ಹೋಳಾಗುತ್ತೆ. ಅದಕ್ಕೇ ಅವುಗಳಿಗೆ ಕೆಂಪು ಬಣ್ಣ. ಟೈರಲ್ಲಿ ಗಾಳಿ ಇದ್ದಾಗ ಮುಟ್ಟಬೇಡ, ಹೋಳು ಸಿಡಿದು ಆಳನ್ನೇ ಕೊಲ್ಲುತ್ತೆ."

"ನಿನ್ನೆ ಮೊನ್ನೆ ಲಾರಿ ಕಂಡವನಾ ನಾನು?" ಎಂದಿದ್ದ ತಮ್ಮ.

ಬೋರ್‌ವೆಲ್ ಕೊರೆಯುವವನೊಬ್ಬ ಲಾರಿ ಕೇಳಿದ್ದ. ಆ ದಿನ ಮಧ್ಯಾಹ್ನದೊಳಗೆ ತಯಾರಾಗಿರುತ್ತದೆಂದು ತಮ್ಮ ಅಕ್ಕನನ್ನು ಕೇಳದೆ ಮಾತು ಕೊಟ್ಟಿದ್ದ. ಚೆಂದ ಕಾಣಲೆಂದು ಹಿಂದಿನ ದಿನವೇ ಲಾರಿಗೆಲ್ಲ ಹಸಿರು ಬಣ್ಣ ಹೊಡೆದಿದ್ದ. ಚಕ್ರಕ್ಕೂ ಹೊಡೆದ, ಕೆಂಪು ನಟ್ಟುಗಳಿಗೂ ಹೊಡೆದ.

ಗೇರಕ್ಕ ಹಿತ್ತಲಿನಲ್ಲಿ ಡೈನಮೋ ಬಿಚ್ಚುತ್ತಿದ್ದಳು. ಮುಂದಿನ ಚಕ್ರದ ಬ್ರೇಕು ಸೋರುತ್ತಿದೆಯೆಂದು ತಮ್ಮ ಜ್ಯಾಕ್ ಏರಿಸಿ ಕೂತ. ನಟ್ಟುಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತಿದ್ದುದರಿಂದ ಅವನಿಗೆ ಖುಷಿಯಾಗಿ ಸಿಳ್ಳೆ ಹಾಕತೊಡಗಿದ. ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ ಗೇರಕ್ಕ ನೆಲದ ಮೇಲಿದ್ದ ನಟ್ಟುಗಳನ್ನು ನೋಡಿದಳು. ಆಮೇಲೆ ಚಕ್ರ ನೋಡಿದಳು. ಹೊರಸುತ್ತಿನಲ್ಲಿ ಮೂರೇ ಉಳಿದಿದ್ದವು. ಅದರಲ್ಲೊಂದಕ್ಕೆ ಸ್ಪ್ಯಾನರು ಕಚ್ಚಿಸಿದ್ದ ತಮ್ಮ, ಮೊಣಕಾಲೂರಿ, ಎದೆಯನ್ನೇ ರಿಮ್ಮಿಗೆ ಒತ್ತಿಕೊಂಡಿದ್ದ.

ಕೂಗಿದರೆ ಅವನು ಬೆಚ್ಚಿಬೀಳುತ್ತಾನೆ. ಮಾಮೂಲಿ ದನಿಯಲ್ಲೇ ಅಂದಳು: "ಕೈ ನಿಲ್ಸು. ಸ್ಪ್ಯಾನರ್ ಅಲ್ಲೇ ಬಿಡು."

"ಯಾಕೆ, ಈಗೇನಾಯ್ತು?"

"ನೀನು ಹೊರಸುತ್ತು ಬಿಚ್ಚಿದೀಯ."

ಅವನು ಬೆರಳು ಬಿಚ್ಚಿ ಸ್ಪ್ಯಾನರು ಅಲ್ಲೇ ಬಿಟ್ಟ. "ವಾಪಸ್ ಬಿಗೀಲಾ?"

"ಮುಟ್ಬೇಡ. ಎದ್ದು ನಿಲ್ಲಬೇಡ. ಹಾಗೇ ಪಕ್ಕಕ್ಕೆ, ಲಾರಿ ಹಿಂಭಾಗದ ಕಡೆ ತೆವಳು. ಚಕ್ರದ ಎದುರಿಗೆ ಬರಬೇಡ."

ಚಕ್ರದ ಎದುರಿಗೆ ಶೆಡ್ಡಿನ ಬಾಗಿಲಿತ್ತು, ಬಾಗಿಲಾಚೆ ಬೀದಿ. ಟಾರ್ಪಾಲಿನ ರಾಶಿಯ ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು. ದರ್ಜಿ ಗೋಡೆ ಹಿಡಿದು ಹೊರಗೆ ಹೋದ. ಬೀದಿಯಲ್ಲಿ ಅವನ ದನಿ ಕೇಳಿಸಿತು: "ಹಿಂದಕ್ಕೆ ಹೋಗ್ರಪ್ಪಾ, ಈ ಕಡೆ ಬೇಡ. ನಗೋದಲ್ಲ, ಹೋಗ್ರಿ!"

ತಮ್ಮ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹಿಂದಿನ ಚಕ್ರದವರೆಗೆ ತೆವಳಿದ. ಅಲ್ಲಿಂದಾಚೆ ಅವನ ಕಾಲು ಬರಲಿಲ್ಲ.

ಹೊರಗೆ ಹೋಗಿ ಬಾಗಿಲೆಳೆದುಕೊಂಡು ಕಾಯಬಹುದಿತ್ತು. ಆದರೆ ಜ್ಯಾಕು ಹಳೆಯದು, ನಿಧಾನವಾಗಿ ಇಳಿಯುವ ಚಾಳಿ ಅದಕ್ಕಿತ್ತು. ಚಕ್ರ ನೆಲ ಮುಟ್ಟಿ ಭಾರ ಬಿದ್ದರೆ ಮೂರು ಬೋಲ್ಟು ತಡೆಯುವುದಿಲ್ಲ. ತಮ್ಮನೋ ಅಲ್ಲೇ ಕಲ್ಲಾಗಿದ್ದಾನೆ. ಗಾಳಿ ಬಿಡಲೇಬೇಕು.

ಗೇರಕ್ಕ ವಾಲ್ವಿನ ಚಾವಿ ತೆಗೆದುಕೊಂಡು ಲಾರಿಯ ಮೂತಿಯ ಕಡೆಯಿಂದ ಬಂದು ಚಕ್ರದ ಎದುರಿಗಲ್ಲದೆ ಟೈರಿನ ಮುಂಬದಿಗೆ ಅಂಗಾತ ಮಲಗಿದಳು. ರಿಮ್ಮು ಸಿಡಿದರೆ ಬೀದಿಯ ಕಡೆಗೆ ಸಿಡಿಯುತ್ತದೆ, ಮೈ ಉಳಿಯುತ್ತದೆ. ವಾಲ್ವು ಇರುವುದು ಮಾತ್ರ ಹೊರಮುಖಕ್ಕೆ. ಕೈ ಚಾಚಲೇಬೇಕು. ಬಲಗೈ ಮುಂದೆ ಹೋಗಿದ್ದನ್ನು ಹಿಂದಕ್ಕೆಳೆದುಕೊಂಡು, ಹೋದರೆ ಇದು ಹೋಗಲಿ ಎಂದು ಎಡಗೈ ಚಾಚಿದಳು.

"ಅಕ್ಕಾ, ಬೇಡ" ಎಂದ ತಮ್ಮ.

"ಬಾಯ್ಮುಚ್ಕೊಂಡಿರು. ಜ್ಯಾಕ್ ನೋಡ್ತಾ ಇರು. ಇಳಿದ್ರೆ ಹೇಳು."

ಎಡಗೈಗೆ ಆ ಕೆಲಸ ಬಾರದು. ಚಾವಿ ಎರಡು ಸಲ ಜಾರಿತು. ಮೂರನೇ ಸಲ ಕಚ್ಚಿಕೊಂಡಿತು. ತಿರುಗಿಸಿದಳು. ಗಾಳಿ ಸುಯ್ಯೆಂದು ಹೊರಟಿತು. ಇನ್ನೊಂದು ಸುತ್ತು ತಿರುಗಿಸುವಾಗ ಟಣ್ ಎಂದು ಒಂದು ಬೋಲ್ಟು ಮುರಿದು, ಎದುರಿನ ತಗಡಿಗೆ ಬಡಿದು ತೂತು ಮಾಡಿಕೊಂಡು ಬೀದಿಗೆ ಹೋಯಿತು. ಹೊರಗೆ ಯಾರೋ ಚೀರಿದರು. ಗೇರಕ್ಕನ ಕೈ ಅಲ್ಲೇ ಇತ್ತು. ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುಗಿಸಿದಳು. ವಾಲ್ವಿನ ಪಿನ್ನು ಚಿಮ್ಮಿತು, ಗಾಳಿ ಸಿಳ್ಳೆಯಾಗಿ ಕೂಗತೊಡಗಿತು, ಧೂಳೆಲ್ಲ ಎದ್ದಿತು.

"ಅಕ್ಕಾ, ಇಳೀತಾ ಇದೆ!"

"ಇಳೀಲಿ ಬಿಡು ಈಗ" ಎಂದು ಕೈ ಎಳೆದುಕೊಂಡು ಮಗ್ಗುಲಾದಳು.

ಕೂಗು ಸಣ್ಣದಾಗಿ, ಪಿಸುಗುಟ್ಟಿ, ನಿಂತಿತು. ಟೈರು ನೆಲಕ್ಕೆ ತಾಗಿ ಮೆತ್ತಗೆ ಕುಸಿಯಿತು. ಉಳಿದೆರಡು ಬೋಲ್ಟುಗಳ ಮೇಲೆ ರಿಮ್ಮಿನ ಹೊರಹೋಳು ಬೆರಳಗಲ ಬಾಯಿಬಿಟ್ಟು ಸುಮ್ಮನಾಯಿತು.

ದರ್ಜಿ ಒಳಗೆ ಬಂದು ಹೆಂಡತಿಯ ಕೈಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ತಡವಿ ನೋಡಿದ. ಬೀದಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಬೋಲ್ಟು ಎದುರು ಮನೆಯ ನೀರಿನ ಡ್ರಮ್ಮಿಗೆ ಬಿದ್ದಿತ್ತು. ಗೇರಕ್ಕ ಎದ್ದವಳೇ ತಮ್ಮನ ಹತ್ತಿರ ಹೋಗಿ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅವನ ಪಕ್ಕದಲ್ಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ಹೊತ್ತಿಗೆ ಬಂದ ಬೋರ್‌ವೆಲ್‌ನವನಿಗೆ ದರ್ಜಿಯೇ "ಇವತ್ತು ಆಗಲ್ಲ, ಹೋಗಿ ಬನ್ನಿ" ಎಂದು ಬಾಗಿಲಿನಿಂದಲೇ ಕಳಿಸಿದ.

ತಮ್ಮ ಒಂದು ವಾರ ಬರಲಿಲ್ಲ. ಮತ್ತೆ ಯಾರದೋ ಲಾರಿ ಹತ್ತಿ ಹೋದನೆಂದೇ ಅವಳು ಅಂದುಕೊಂಡಳು. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ. ಅವಳು ಇನ್ನೊಂದು ಲಾರಿಯ ಚಕ್ರ ತೋರಿಸಿದಳು.

"ನನ್ ಕೈಲಿ ಆಗಲ್ಲ ಅಕ್ಕ. ನೀನೇ ಬಿಚ್ಚು."

"ನೀನೇ ಬಿಚ್ಚಬೇಕು. ನಾನಿಲ್ಲೇ ಕೂತಿರ್ತೀನಿ."

ಅವನು ಮೊದಲು ವಾಲ್ವು ತೆಗೆದ. ಗಾಳಿಯೆಲ್ಲ ಹೋದ ಮೇಲೂ ತೂತಿಗೆ ತಂತಿ ತೂರಿಸಿ ನೋಡಿದ. ಟೈರನ್ನು ಹೆಬ್ಬೆರಳಿನಿಂದ ಒತ್ತಿದ. ಒಳಸುತ್ತಿನ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿದ.

"ಇವೇ ತಾನೆ?" ಎಂದು ಕೇಳಿದ.

"ಅವೇ."

ಅವನು ಸ್ಪ್ಯಾನರು ಕಚ್ಚಿಸಿದ.