ಶಾಕೀರಾ ಕಲಿತ ವೈರಿನ ಕೆಲಸ

ಸವಣೂರಿನ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಹಾಕಿಕೊಂಡಿದ್ದ ಖಾದರಸಾಬನಿಗೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹೆಸರಿತ್ತು. ಕಾರು, ಲಾರಿಗಳ ದೀಪ, ಹಾರ್ನು, ಬ್ಯಾಟರಿ ಏನೇ ಕೆಟ್ಟರೂ ಡ್ರೈವರುಗಳು ಅವನಲ್ಲಿಗೇ ಬರುತ್ತಿದ್ದರು. ಹೆಂಡತಿ ಶಾಕೀರಾ ಮಧ್ಯಾಹ್ನ ರೊಟ್ಟಿಯ ಗಂಟು ತರುವಳು, ಅವನು ಉಂಡು ಏಳುವವರೆಗೆ ಕೂತು ಅವನ ಕೈ ಹೇಗೆ ಆಡುತ್ತದೆಂದು ನೋಡುವಳು.

೧೯೫೮ರ ಬೇಸಿಗೆಯಲ್ಲಿ ಶಿಗ್ಗಾವಿಯ ಹತ್ತಿ ವ್ಯಾಪಾರಿ ಗುದ್ಲೆಪ್ಪ ತನ್ನ ಕರಿ ಕಾರನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಎಂಟು ದಿನದ ಹಿಂದೆ ಹಾನಗಲ್ಲಿನ ದಾರಿಯಲ್ಲಿ ಅದು ಕೆಟ್ಟು ನಿಂತಿತ್ತು. ಬಾನೆಟ್ ಎತ್ತಿದಾಗ ಜೊತೆಗಿದ್ದ ವ್ಯಾಪಾರಿಗಳು, "ಇದೇನ ಇಂಜಿನ್ನೋ, ಹುಲ್ಲಿನ ಬಣವಿಯೋ?" ಎಂದು ನಕ್ಕಿದ್ದರು. ಆ ನಗೆ ಅವನಿಗೆ ಇನ್ನೂ ಚುಚ್ಚುತ್ತಿತ್ತು.

"ಸಾಬ, ಎಲ್ಲಾ ಕಿತ್ತ ಹಾಕು. ಬಾನೆಟ್ ತೆಗದ್ರ ಒಂದ ವೈರೂ ಕಣ್ಣಿಗೆ ಬೀಳಬಾರ್ದು."

"ಹದಿನೈದ ದಿವ್ಸ ಬೇಕ್ರಿ, ಸಾವ್ಕಾರ್ರ."

ಆ ಕಾರು ನಾಲ್ಕು ಮಾಲೀಕರನ್ನು ಕಂಡಿತ್ತು. ಕೆಟ್ಟಾಗಲೆಲ್ಲ ಒಬ್ಬೊಬ್ಬ ಮಿಸ್ತ್ರಿ ಒಂದೊಂದು ವೈರು ಸೇರಿಸಿದ್ದ. ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಕೆಲವು ಎಲ್ಲಿಗೂ ಹೋಗದೆ ಸುಮ್ಮನೆ ಜೋತಾಡುತ್ತಿದ್ದವು. ಖಾದರಸಾಬ ಒಂದೊಂದನ್ನೇ ಬಿಚ್ಚಿ ಚಾಪೆಯ ಮೇಲೆ ಹರಡಿದ. ಅವನಿಗೆ ಓದು ಬರೆಹ ಬಾರದು. ದೀಪದ್ದಕ್ಕೆ ಕೆಂಪು ದಾರ, ಹಾರ್ನಿನದಕ್ಕೆ ಹಸಿರು, ಡೈನಮೋದ್ದಕ್ಕೆ ಬಿಳಿ ಎಂದು ಶಾಕೀರಾಳ ಕೈಯಿಂದ ಗಂಟು ಹಾಕಿಸಿದ. ಹೊಸ ವೈರುಗಳನ್ನು ಒಟ್ಟುಗೂಡಿಸಿ, ಬಟ್ಟೆಯ ಪಟ್ಟಿ ಸುತ್ತಿ, ಮಡ್‌ಗಾರ್ಡಿನ ಒಳಮೈಗೆ ಅಂಟಿದಂತೆ ಒಯ್ದು, ತಗಡು ಕತ್ತರಿಸಿ ಮಾಡಿದ ಪಟ್ಟಿಗಳಿಂದ ಬಿಗಿದ. ಕೊನೆಗೆ ಉಳಿದದ್ದು ಬರೀ ಇಂಜಿನ್ನು, ಸ್ನಾನ ಮಾಡಿಸಿ ನಿಲ್ಲಿಸಿದ ಎತ್ತಿನ ಹಾಗೆ.

ಹದಿನಾರನೆಯ ದಿನ ಗುದ್ಲೆಪ್ಪ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಶಾಕೀರಾ ಊಟದ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗೆಳೆಯರು ಬಗ್ಗಿ ನೋಡಿದರು, ನಗಲಿಲ್ಲ. ಒಬ್ಬ ಕೇಳಿದ, "ವೈರ್ ಎಲ್ಲಿ ಹೋದ್ವೋ ಸಾಬ?"

"ಇಲ್ಲೇ ಅದಾವ್ರಿ," ಎಂದು ಖಾದರಸಾಬ ಇಂಜಿನ್ನಿನ ಪಂಖದ ಹಿಂದೆ ಕೈ ತೂರಿಸಿ ತೋರಿಸತೊಡಗಿದ. ಅವನ ದನಿಯಲ್ಲಿ ಅಂದು ಹೆಮ್ಮೆಯಿತ್ತು.

"ಸಾಬ ಬಾಳ ಉಬ್ಬ್ಯಾನ," ಎಂದ ಇನ್ನೊಬ್ಬ.

ಕಾರಿನೊಳಗೆ ಹೋಗಿ ಕೂತಿದ್ದ ಗುದ್ಲೆಪ್ಪ, "ತಡೀರಿ, ಒಂದೀಟ ಬೆದರಸ್ತೇನಿ," ಎಂದು ಸ್ಟಾರ್ಟರಿನ ಗುಂಡಿ ಒತ್ತಿದ. ಹಿಂದೆಲ್ಲ ಹತ್ತು ಸಲ ಒತ್ತಿದರೂ ಏಳದ ಇಂಜಿನ್ನು ಮೊದಲ ಸಲಕ್ಕೇ ಎದ್ದಿತು. ಪಂಖ ಖಾದರಸಾಬನ ಬಲಗೈಯ ಮೂರು ಬೆರಳು ಒಯ್ದಿತು.

ಗುದ್ಲೆಪ್ಪ ಇಳಿದು ಬಂದು ಮೊದಲು ನೋಡಿದ್ದು ಇಂಜಿನ್ನನ್ನು. ಖಾದರಸಾಬ ರುಮಾಲಿನಲ್ಲಿ ಕೈ ಸುತ್ತಿಕೊಂಡು ನೆಲಕ್ಕೆ ಕುಸಿದಿದ್ದ.

"ಇದನ್ನ ಒರಸವ್ವ," ಎಂದ ಗುದ್ಲೆಪ್ಪ, ಶಾಕೀರಾಳಿಗೆ. "ರಕ್ತ ಒಣಗಿದ್ರ ಕಲೆ ಹೋಗೂದಿಲ್ಲ. ಒರಸು, ಇದ ಗಾಡ್ಯಾಗ ದವಾಖಾನಿಗೆ ಒಯ್ತೇನಿ."

ಗಾಡಿ ಬೇಕಿತ್ತು. ಅವಳು ಸೆರಗಿನಿಂದ ವೈರು ಒರೆಸಿದಳು, ಬ್ಯಾಟರಿ ಒರೆಸಿದಳು, ಪಂಖ ಒರೆಸಿದಳು. ಒರೆಸಿ ಮುಗಿದ ಮೇಲೆ ಗುದ್ಲೆಪ್ಪ ಬಾನೆಟ್ ಇಳಿಸಿ, ಗೆಳೆಯರನ್ನು ಕೂರಿಸಿಕೊಂಡು ಹೊರಟುಹೋದ. ಗಂಡನನ್ನು ಅವಳು ಟಾಂಗಾದಲ್ಲಿ ಕರೆದೊಯ್ದಳು.

ಗಾಯ ಮಾಯಲು ಮಳೆಗಾಲ ಕಳೆಯಿತು. ಖಾದರಸಾಬ ಗುದ್ಲೆಪ್ಪನ ಹೆಸರೆತ್ತಲಿಲ್ಲ. "ನಾ ಬಿದ್ದಿದ್ದೆ, ನೀ ಕಾರ್ ಒರಸಿದಿ," ಎಂದು ಹೆಂಡತಿಗೆ ಮಾತ್ರ ಅಂದ. ಆಮೇಲೆ ದಿನಾ ಅಂದ.

ಅಂಗಡಿ ಮತ್ತೆ ತೆರೆದಾಗ ಅವನು ಸ್ಟೂಲಿನ ಮೇಲೆ, ಅವಳು ಬಾನೆಟ್ಟಿನ ಕೆಳಗೆ. ಅವನು ಹೇಳುವನು, ಅವಳು ಕಟ್ಟುವಳು. ತಪ್ಪಿದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗೆಣ್ಣಿಗೆ ಪೆಟ್ಟು. ಅವಳು ಬೇಗ ಕಲಿತಳು. ಮೂರನೆಯ ವರ್ಷಕ್ಕೆ ಅವನು ಬಾಯಿ ತೆರೆಯುವ ಮೊದಲೇ ಅವಳ ಕೈ ಕೆಟ್ಟ ವೈರನ್ನು ಹಿಡಿದಿರುತ್ತಿತ್ತು. ಪೆಟ್ಟು ಮಾತ್ರ ನಿಲ್ಲಲಿಲ್ಲ.

ಹಿರೇಕೆರೂರಿನ ಲಾರಿ ಡ್ರೈವರ್ ಉಳಿವೆಪ್ಪ ಒಂದು ದಿನ ತನ್ನ ಇಂಜಿನ್ನು ನೋಡಿ, "ಖಾದರಸಾಬ, ನಿನಗಿಂತ ಅಕ್ಕನ ಕೈ ಚೊಕ್ಕ ಐತಿ," ಎಂದ. ಖಾದರಸಾಬ ಅವನೊಡನೆ ನಕ್ಕ. ಲಾರಿ ಹೋದ ಮೇಲೆ ಅಂಗಡಿಯ ಸಾಮಾನನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿದ. ಮರುದಿನ ಅದು ಗುಜರಿಗೆ ಹೋಯಿತು.

"ಉಣ್ಣೂದೇನ್ರಿ ಇನ್ನ?" ಎಂದಳು ಶಾಕೀರಾ.

"ಮಣ್ಣು."

ಅವಳು ವೀಳ್ಯದೆಲೆಯ ತೋಟಕ್ಕೆ ಕೂಲಿಗೆ ಹೋದಳು. ಡ್ರೈವರುಗಳು ಮನೆಯವರೆಗೂ ಹುಡುಕಿಕೊಂಡು ಬಂದರು. ಖಾದರಸಾಬ ಕಟ್ಟೆಯ ಮೇಲೆ ಕೂತು, "ಆಕಿಗೇನ ಬರತೈತಿ? ನಾ ಹೇಳಿದ್ದ ಮಾಡ್ತಿದ್ಲು," ಎನ್ನುವನು. ಒಳಗೆ ರೊಟ್ಟಿ ತಟ್ಟುತ್ತಿದ್ದವಳಿಗೆ ಕೇಳಿಸಲಿ ಎಂದು ದನಿ ಏರಿಸುವನು.

೧೯೬೪ರ ಒಂದು ಸಂಜೆ ಅವಳು ಎಲೆಯ ಬುಟ್ಟಿ ಹೊತ್ತು ಬಂಕಾಪುರದ ರಸ್ತೆಯಲ್ಲಿ ಬರುತ್ತಿದ್ದಾಗ ಉಳಿವೆಪ್ಪನ ಲಾರಿ ಬಾನೆಟ್ ತೆರೆದು ನಿಂತಿತ್ತು.

"ಅಕ್ಕಾ, ದೀಪ ಹತ್ತವಲ್ಲವು. ಒಂದೀಟ ನೋಡ್ರಿ."

ಅವಳು ನಿಂತು ನೋಡಿದಳು. ದೀಪದ ಬುಡದಲ್ಲಿ ಕಡಿದ ವೈರು ಮೊದಲ ನೋಟಕ್ಕೇ ಕಂಡಿತು. ಎರಡು ಬೆರಳಿನ ಕೆಲಸ. ಬುಟ್ಟಿ ಇಳಿಸಲು ಕೈ ಎತ್ತಿದಳು. ರಸ್ತೆಯ ಆಚೆ ಯಾರೋ ಸವಣೂರಿನವರು, ಖಾದರಸಾಬನ ಕಟ್ಟೆಗೆ ಬಂದು ಕೂರುವವರು, ಬರುತ್ತಿದ್ದರು.

"ನಂಗ ಬರೂದಿಲ್ಲಪ್ಪಾ," ಎಂದಳು. ಬುಟ್ಟಿ ಸರಿಮಾಡಿಕೊಂಡು ನಡೆದಳು.